ಅಣುಸ್ಥಾವರದ ಮಸೂದೆಗಳನ್ನು ಬೆನ್ನುಹತ್ತುವುದು ಹೇಗೆ? ಇಲಿನಾಯ್‌ನಿಂದ ಒಂದು ಪ್ರಶ್ನೆ

ಕಾಳಿತೀರ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನ ಹತ್ತಿರ. ಬ್ರೇಡ್‌ವುಡ್ ಅಣುಸ್ಥಾವರ ಮನೆಯಿಂದ ಅರ್ಧ ಗಂಟೆಯ ದಾರಿ. ಡ್ರೆಸ್ಡೆನ್ ಸ್ಥಾವರವೂ, ಮಾರಿಸ್ ಊರಿನ ಬಳಿ ಬಳಸಿದ ಇಂಧನವನ್ನು ನೀರಿನ ಕೊಳದಲ್ಲಿ ಮುಳುಗಿಸಿಟ್ಟ ಜಾಗವೂ ಅಷ್ಟೇ ಹತ್ತಿರ. ಈ ರಾಜ್ಯದಲ್ಲಿ 11 ರಿಯಾಕ್ಟರುಗಳಿವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ.

ಇಲ್ಲಿ ಹೊಸ ಅಣುಸ್ಥಾವರ ಬೇಡ ಎನ್ನುವ ಹತ್ತು ಹನ್ನೆರಡು ಜನ ತಿಂಗಳಿಗೊಮ್ಮೆ ಗ್ರಂಥಾಲಯದ ಕೋಣೆಯಲ್ಲಿ ಸೇರುತ್ತೇವೆ. ನಿವೃತ್ತ ಶಿಕ್ಷಕಿಯರು, ಒಬ್ಬ ರೈತ, ಒಬ್ಬ ದಾದಿ, ನಾನು. ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನ ಶಾಸನಸಭೆಯಲ್ಲಿ ಅಣುವಿದ್ಯುತ್ತಿಗೆ ಸಂಬಂಧಪಟ್ಟ ಮಸೂದೆ ಯಾವುದು ಬಂದರೂ ಗಮನಿಸಿ ಉಳಿದವರಿಗೆ ತಿಳಿಸುವ ಕೆಲಸ ಎರಡು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಸ್ಪ್ರೆಡ್‌ಶೀಟ್ ಒಂದನ್ನು ಇಟ್ಟುಕೊಂಡಿದ್ದೇನೆ. ಮಸೂದೆಯ ಸಂಖ್ಯೆ, ಮಂಡಿಸಿದವರು, ಯಾವ ಸಮಿತಿಯಲ್ಲಿದೆ, ಕೊನೆಯ ಚಲನೆ ಯಾವಾಗ, ನಮ್ಮ ನಿಲುವು ಏನು: ಇಷ್ಟು ಅಂಕಣಗಳು. ನಿಲುವಿನ ಅಂಕಣದಲ್ಲಿ ಮೂರೇ ಪದ: ಬೆಂಬಲ, ವಿರೋಧ, ತಟಸ್ಥ.

ಕಳೆದ ಅಕ್ಟೋಬರ್‌ನಲ್ಲಿ ಈ ಹಾಳೆ ನನ್ನ ಕೈಬಿಟ್ಟಿತು. ನಿಮಗೆ ಗೊತ್ತಿರಬಹುದು, ಇಲ್ಲಿ 1987ರಿಂದ ಒಂದು ಕಾನೂನು ಇತ್ತು. ಅತಿ ವಿಕಿರಣದ ತ್ಯಾಜ್ಯವನ್ನು ಏನು ಮಾಡಬೇಕೆಂದು ಕೇಂದ್ರ ಸರ್ಕಾರ ಒಂದು ದಾರಿ ಕಂಡುಕೊಂಡು ಒಪ್ಪಿಗೆ ಕೊಡುವ ತನಕ ಹೊಸ ಅಣುಸ್ಥಾವರ ಕಟ್ಟಕೂಡದು ಎಂದು. 2023ರಲ್ಲಿ ಅದನ್ನು ತೆಗೆಯಲು ಮೊದಲು ಬಂದ ಮಸೂದೆಯನ್ನು ಗವರ್ನರ್ ಆಗಸ್ಟ್‌ನಲ್ಲಿ ತಿರಸ್ಕರಿಸಿದರು. ನಾವು ಸಿಹಿ ಹಂಚಿಕೊಂಡೆವು. ನವೆಂಬರ್‌ನಲ್ಲಿ ಇನ್ನೊಂದು ಮಸೂದೆ ಬಂತು, 300 ಮೆಗಾವಾಟ್ ಮೀರದ ಚಿಕ್ಕ ರಿಯಾಕ್ಟರುಗಳಿಗೆ ಮಾತ್ರ ಬಾಗಿಲು ತೆರೆಯಿತು, ಡಿಸೆಂಬರ್‌ನಲ್ಲಿ ಸಹಿಯೂ ಆಯಿತು. ದೊಡ್ಡವುಗಳ ಮೇಲಿನ ತಡೆ ಉಳಿದಿದೆ ಎಂದು ಸಮಾಧಾನ ಮಾಡಿಕೊಂಡೆವು. ಕಳೆದ ವರ್ಷ, ಅಂದರೆ 2025ರಲ್ಲಿ, ಆ ಉಳಿದ ತಡೆಯನ್ನು ತೆಗೆಯುವ ಮಾತು ಯಾವ ಯಾವ ಮಸೂದೆಯಲ್ಲಿ ಇದೆಯೋ ಅವನ್ನೆಲ್ಲ ವಸಂತಕಾಲ ಪೂರ್ತಿ ಹಿಂಬಾಲಿಸಿದೆ. ಮೇ 31ಕ್ಕೆ ಅಧಿವೇಶನ ಮುಗಿಯಿತು, ಅವು ಸಮಿತಿಯಲ್ಲೇ ನಿಂತವು. ನನ್ನ ಹಾಳೆಯಲ್ಲಿ ಅವುಗಳ ಮುಂದೆ ‘ನಿಂತಿದೆ’ ಎಂದು ಬರೆದೆ.

ಅಕ್ಟೋಬರ್ ಕೊನೆಯ ವಾರ ಸೆನೆಟ್‌ನ 25ನೇ ಸಂಖ್ಯೆಯ ಮಸೂದೆಗೆ ನೂರಾರು ಪುಟಗಳ ತಿದ್ದುಪಡಿ ಬಂತು. ಬ್ಯಾಟರಿ ಸಂಗ್ರಹ, ಸೌರಶಕ್ತಿ, ವಿದ್ಯುತ್ ಉಳಿತಾಯ, ದರದ ಯೋಜನೆ, ನಾವೆಲ್ಲ ವರ್ಷಗಳಿಂದ ಕೇಳುತ್ತಿದ್ದದ್ದು ಅದರಲ್ಲಿತ್ತು. ಆ ರಾಶಿಯ ನಡುವೆ ದೊಡ್ಡ ರಿಯಾಕ್ಟರುಗಳ ಮೇಲಿನ ತಡೆಯನ್ನು ಅಳಿಸುವ ಕೆಲವೇ ಸಾಲುಗಳೂ ಇದ್ದವು. ಎರಡು ದಿನಗಳಲ್ಲಿ ಎರಡೂ ಸದನಗಳು ಒಪ್ಪಿದವು. ನಾನು ಎಚ್ಚರಿಕೆ ಕಳುಹಿಸುವ ಹೊತ್ತಿಗೆ ಮೊದಲ ಮತದಾನ ಮುಗಿದಿತ್ತು. ಈ ಜನವರಿ 8ರಂದು ಗವರ್ನರ್ ಸಹಿ ಹಾಕಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ತಪ್ಪಿನಿಂದ ಹನ್ನೆರಡು ಜನರಿಗೆ ತಮ್ಮ ವಿರೋಧವನ್ನು ದಾಖಲಿಸುವ ಅವಕಾಶ ಹೋಯಿತು. ಮಸೂದೆ ಹೇಗಿದ್ದರೂ ಪಾಸಾಗುತ್ತಿತ್ತು ಎಂದು ಗುಂಪಿನವರು ಹೇಳುತ್ತಾರೆ. ಆದರೆ ದಾಖಲೆಯಲ್ಲಿ ನಮ್ಮ ಹೆಸರು ಇರಬೇಕಿತ್ತು.

ಇದು ನನಗೆ ಯಾಕೆ ಇಷ್ಟು ಮುಖ್ಯ ಎಂದು ಹೇಳಿಬಿಡುತ್ತೇನೆ. ನನ್ನ ಊರು ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯಲ್ಲಿ, ಕೈಗಾದಿಂದ ಕೆಳಗೆ. 1994ರ ಮೇ 13ರಂದು ಕಟ್ಟುತ್ತಿದ್ದ ಒಂದನೇ ಘಟಕದ ಗುಮ್ಮಟದ ಒಳಪದರ ಕುಸಿದು ಬಿದ್ದಾಗ ನನಗೆ ಒಂಬತ್ತು ವರ್ಷ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿದ್ದ ದೊಡ್ಡವರು ಕೈ ನಿಲ್ಲಿಸಿ ರೇಡಿಯೋ ಕಡೆ ತಿರುಗಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅಪ್ಪ ಆಗ ಒಂದೇ ಪ್ರಶ್ನೆ ಕೇಳುತ್ತಿದ್ದರು, ಇದನ್ನು ಇಲ್ಲಿ ಕಟ್ಟಬಹುದೇ ಎಂದು ನಮ್ಮನ್ನು ಯಾರಾದರೂ ಕೇಳಿದರೇ? ನಮ್ಮ ದೇಶದಲ್ಲಿ ಅಣುಶಕ್ತಿ ಕೇಂದ್ರದ ಪಟ್ಟಿಯಲ್ಲಿರುವ ವಿಷಯ. ವಿಧಾನಸಭೆಗೆ ಅದರ ಮೇಲೆ ಕಾನೂನು ಮಾಡುವ ಅಧಿಕಾರವೇ ಇಲ್ಲ. ಶಿವರಾಮ ಕಾರಂತರಂಥವರು ಕೈಗಾ ಬೇಡ ಎನ್ನುತ್ತ 1989ರಲ್ಲಿ ಲೋಕಸಭೆಗೇ ನಿಂತರು, ಸೋತರು. ಇಲ್ಲಿ ಹಾಗಲ್ಲ. ಸಮಿತಿಯ ವಿಚಾರಣೆಗೆ ಮುಂಚೆ ಜಾಲತಾಣದಲ್ಲಿ ‘ವಿಟ್ನೆಸ್ ಸ್ಲಿಪ್’ ಎಂಬ ಚೀಟಿ ತುಂಬಬಹುದು. ಹೆಸರು, ಊರು, ಪರವೋ ವಿರೋಧವೋ. ಆ ಚೀಟಿ ಪೌರತ್ವವನ್ನು ಕೇಳುವುದಿಲ್ಲ. ಮೊದಲ ಸಲ ಅದರಲ್ಲಿ ವಿರೋಧ ಎಂಬ ಮನೆಯನ್ನು ಒತ್ತಿದಾಗ ಅಪ್ಪನ ಪ್ರಶ್ನೆಗೆ ಎಲ್ಲೋ ಒಂದು ಕಡೆ ಉತ್ತರ ಸಿಕ್ಕಿದಂತೆ ನನಗೆ ಅನಿಸಿತ್ತು.

ಕೇಳಬೇಕಾದದ್ದು ಎರಡು. ಸತ್ತಿತು ಎಂದುಕೊಂಡ ಸಾಲು ಬೇರೆ ಮಸೂದೆಯ ಮೈಯಲ್ಲಿ ಎದ್ದು ಬಂದರೆ ಅದನ್ನು ಹಿಡಿಯುವುದು ಹೇಗೆ? ಮತ್ತು ಒಂದೇ ಮಸೂದೆಯಲ್ಲಿ ನಮಗೆ ಬೇಕಾದದ್ದೂ ಬೇಡವಾದದ್ದೂ ಇದ್ದಾಗ ನಿಲುವಿನ ಅಂಕಣದಲ್ಲಿ ಏನು ಬರೆಯಬೇಕು?

---

ಹಳೆಯ ಟಿಪ್ಪಣಿ ಉತ್ತರ:

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಇಪ್ಪತ್ತೆಂಟು ವರ್ಷಗಳಿಂದ ಇದ್ದೇನೆ, ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ ಮಾಡಿದವನು, ಈಗ ನಿವೃತ್ತ. ಅಣುಸ್ಥಾವರದ ಮಸೂದೆಗಳನ್ನು ನೋಡಲು ಆರಂಭಿಸಿದ್ದು 2006ರಲ್ಲಿ. ಬ್ರೇಡ್‌ವುಡ್‌ನ ಕೊಳವೆಯಿಂದ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಇದ್ದ ನೀರು ವರ್ಷಗಳ ಹಿಂದೆಯೇ ಸೋರಿತ್ತು. ಅದು ಊರಿನವರ ಕಿವಿಗೆ ಬಿದ್ದದ್ದು 2005ರ ಕೊನೆಗೆ. ಮರುವರ್ಷವೇ ಶಾಸನಸಭೆ, ಅನುಮತಿಯಿಲ್ಲದೆ ವಿಕಿರಣ ವಸ್ತು ಹೊರಬಿದ್ದರೆ 24 ಗಂಟೆಗಳೊಳಗೆ ರಾಜ್ಯಕ್ಕೆ ತಿಳಿಸಬೇಕು ಎಂದು ಕಾನೂನು ಮಾಡಿತು. ರಾಜ್ಯದ ಕಾನೂನಿಗೂ ಹಲ್ಲಿದೆ ಎಂದು ನಾನು ನಂಬಿದ್ದು ಆಗಲೇ.

ನಿಮ್ಮ ಹಾಳೆಯ ತೊಂದರೆ ಒಂದೇ. ಒಂದು ಸಾಲಿಗೆ ಒಂದು ಮಸೂದೆ ಎಂದು ಬರೆದಿದ್ದೀರಿ. ಮಸೂದೆ ಬರಿಯ ಗಾಡಿ. ಸಾಮಾನನ್ನು ಈ ಗಾಡಿಯಿಂದ ಇಳಿಸಿ ಆ ಗಾಡಿಗೆ ಏರಿಸುತ್ತಾರೆ. ನೀವು ಸಾಮಾನಿನ ಮೇಲೆ ಕಣ್ಣಿಡಬೇಕು, ಅಂದರೆ ತಿದ್ದುಪಡಿಯಾಗುವ ಮೂಲ ಕಾನೂನಿನ ಕಲಮಿನ ಮೇಲೆ. 1987ರ ತಡೆ ಇದ್ದದ್ದು ಸಾರ್ವಜನಿಕ ಉಪಯುಕ್ತತೆಗಳ ಕಾಯ್ದೆಯ 8-406ನೇ ಕಲಮಿನಲ್ಲಿ. ಶಾಸನಸಭೆಯ ಜಾಲತಾಣದಲ್ಲಿ ಪ್ರತಿ ಮಸೂದೆಯ ಪುಟದ ಮೇಲ್ಭಾಗದಲ್ಲೇ ಅದು ಯಾವ ಯಾವ ಕಲಮುಗಳನ್ನು ಮುಟ್ಟುತ್ತದೆ ಎಂಬ ಪಟ್ಟಿ ಇರುತ್ತದೆ. ತಿದ್ದುಪಡಿಯ ಸಾರಾಂಶದಲ್ಲೂ ಇರುತ್ತದೆ. ‘ನ್ಯೂಕ್ಲಿಯರ್’ ಎಂಬ ಪದವನ್ನು ಹುಡುಕಬೇಡಿ, ಆ ಸಂಖ್ಯೆಯನ್ನು ಹುಡುಕಿ. ಪದವನ್ನು ಸಾರಾಂಶದಿಂದ ಬಿಡಬಹುದು, ಕಲಮಿನ ಸಂಖ್ಯೆಯನ್ನು ಬಿಡಲಾಗುವುದಿಲ್ಲ. ಮೂಲಪಠ್ಯ ತೆರೆದರೆ ಹೊಸ ಮಾತಿನ ಕೆಳಗೆ ಗೆರೆ, ಹೋಗುವ ಮಾತಿನ ಮೇಲೆ ಗೆರೆ. ನೂರಾರು ಪುಟ ಓದಬೇಕಾಗಿಲ್ಲ, ನಿಮ್ಮ ಕಲಮಿಗೆ ಹೋಗಿ ಗೆರೆಗಳನ್ನು ಮಾತ್ರ ಓದಿ.

ಇಲ್ಲಿ ಪ್ರತಿ ಅಧಿವೇಶನದಲ್ಲೂ ಟೊಳ್ಳು ಮಸೂದೆಗಳು ನೂರಾರು ಬರುತ್ತವೆ. ಸಾರಾಂಶದಲ್ಲಿ ‘ಕಿರು ಶೀರ್ಷಿಕೆಯ ಕಲಮಿನಲ್ಲಿ ತಾಂತ್ರಿಕ ಬದಲಾವಣೆ’ ಎಂದು ಮಾತ್ರ ಬರೆದಿರುತ್ತಾರೆ. ಓದಿದವರು ಮುಂದೆ ಹೋಗುತ್ತಾರೆ. ಸಂವಿಧಾನದ ಪ್ರಕಾರ ಪ್ರತಿ ಸದನದಲ್ಲಿ ಮೂರು ಬೇರೆ ಬೇರೆ ದಿನ ಮಸೂದೆಯ ಶೀರ್ಷಿಕೆಯನ್ನು ಓದಬೇಕಲ್ಲ, ಈ ಖಾಲಿ ಚೀಲಗಳು ಆ ಓದುಗಳನ್ನು ಮೊದಲೇ ಮುಗಿಸಿಕೊಂಡು ಕಾದಿರುತ್ತವೆ. ಕೊನೆಯ ಗಳಿಗೆಯಲ್ಲಿ ಒಳಗಿನದನ್ನೆಲ್ಲ ಕಿತ್ತು ಹೊಸದನ್ನು ತುಂಬುತ್ತಾರೆ. ಹೊಸ ಮಸೂದೆಯ ವಿಚಾರಣೆಗೆ ದಿನಗಳ ಮುನ್ಸೂಚನೆ ಬೇಕು. ತಿದ್ದುಪಡಿಯ ವಿಚಾರಣೆಯನ್ನು ಒಂದು ಗಂಟೆ ಮುಂಚೆ ತಿಳಿಸಿ ನಡೆಸಿದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಸಾರ್ವಜನಿಕ ಉಪಯುಕ್ತತೆಗಳ ಕಾಯ್ದೆಯನ್ನೂ ರಾಜ್ಯದ ವಿದ್ಯುತ್ ಖರೀದಿ ಸಂಸ್ಥೆಯ ಕಾಯ್ದೆಯನ್ನೂ ಹೆಸರಿಸುವ ಟೊಳ್ಳು ಮಸೂದೆಗಳನ್ನು ಫೆಬ್ರುವರಿಯಲ್ಲೇ ಹಾಳೆಗೆ ಸೇರಿಸಿ. ಅವು ಚಲಿಸಿದ ದಿನ ನಿಮಗೆ ಕೆಲಸ ಇದೆ ಎಂದರ್ಥ.

ಶರತ್ಕಾಲದ ಅಧಿವೇಶನವನ್ನು ಯಾಕೆ ಕಾಯಬೇಕು ಎನ್ನುವುದಕ್ಕೂ ಒಂದು ಲೆಕ್ಕವಿದೆ. ಮೇ 31ರ ನಂತರ ಪಾಸಾದ ಮಸೂದೆ ತಕ್ಷಣ ಜಾರಿಯಾಗಬೇಕಾದರೆ ಐದರಲ್ಲಿ ಮೂರು ಪಾಲು ಮತ ಬೇಕು, ಅಂದರೆ ಕೆಳಮನೆಯಲ್ಲಿ 71, ಸೆನೆಟ್‌ನಲ್ಲಿ 36. ಜಾರಿಯ ದಿನವನ್ನು ಮುಂದಿನ ಜೂನ್ 1ಕ್ಕೆ ಇಟ್ಟುಬಿಟ್ಟರೆ 60 ಮತ್ತು 30 ಸಾಕು. 2023ರ ಚಿಕ್ಕ ರಿಯಾಕ್ಟರಿನ ಕಾನೂನೂ, ನಿಮ್ಮ ನಿದ್ದೆ ಕೆಡಿಸಿದ ಕಾನೂನೂ ಎರಡೂ ಜೂನ್ 1ರ ದಿನಾಂಕ ಹೊತ್ತಿವೆ, ಗಮನಿಸಿ. ವಸಂತದಲ್ಲಿ ನಿಂತದ್ದರ ಮುಂದೆ ‘ನಿಂತಿದೆ’ ಎಂದು ಬರೆಯಬೇಡಿ. ‘ಅಕ್ಟೋಬರ್ ನೋಡು’ ಎಂದು ಬರೆಯಿರಿ.

ಇನ್ನು ಹಣದ ಮಾತು. ಇದನ್ನು ನಿಮ್ಮ ಗುಂಪಿನವರಿಗೆಲ್ಲ ಹೇಳಿ. ನಮ್ಮಲ್ಲಿ ಬಹಳ ಜನ ಸಮಿತಿಯ ಮುಂದೆ ಹೋಗಿ ವಿಕಿರಣದ ಬಗ್ಗೆ, ಅಪಘಾತದ ಬಗ್ಗೆ ಮಾತಾಡುತ್ತಾರೆ. ಅವರ ಭಯ ಸಾಚಾ. ಆದರೆ 1954ರ ಫೆಡರಲ್ ಕಾಯ್ದೆಯ ಪ್ರಕಾರ ವಿಕಿರಣ ಸುರಕ್ಷತೆ ವಾಷಿಂಗ್ಟನ್ನಿನ ಪಾಲು. ಸಮಿತಿಯ ಅಧ್ಯಕ್ಷರು ತಲೆಯಾಡಿಸಿ ಮುಂದಿನವರನ್ನು ಕರೆಯುತ್ತಾರೆ. ಕ್ಯಾಲಿಫೋರ್ನಿಯಾ 1976ರಲ್ಲಿ ಹಾಕಿದ ಇಂಥದ್ದೇ ತಡೆಯನ್ನು ಸುಪ್ರೀಂ ಕೋರ್ಟು 1983ರಲ್ಲಿ ಎತ್ತಿಹಿಡಿದದ್ದು ಅದು ಖರ್ಚಿನ ವಿಷಯ ಎಂಬ ಕಾರಣಕ್ಕೆ: ತ್ಯಾಜ್ಯಕ್ಕೆ ಗತಿ ಕಾಣಿಸದಿದ್ದರೆ ಸ್ಥಾವರದ ಖರ್ಚು ಎಲ್ಲಿಗೆ ಮುಟ್ಟುತ್ತದೆಂದು ಹೇಳಲಾಗದು, ಆ ಅನಿಶ್ಚಿತತೆಯನ್ನು ಬೇಡ ಎನ್ನುವ ಹಕ್ಕು ರಾಜ್ಯಕ್ಕಿದೆ ಎಂದು. ನಮ್ಮ 1987ರ ಕಲಮೂ ಅದೇ ನೆಲದ ಮೇಲೆ ನಿಂತಿತ್ತು. ಆದ್ದರಿಂದ ನಿಮ್ಮ ಹಾಳೆಗೆ ಇನ್ನೊಂದು ಅಂಕಣ ಬೇಕು: ‘ಕಟ್ಟಡ ಮುಗಿಯದಿದ್ದರೆ ಯಾರು ತೆರಬೇಕು?’ ಪ್ರತಿ ಮಸೂದೆಗೂ ಈ ಪ್ರಶ್ನೆಗೆ ಉತ್ತರವನ್ನು ಮಸೂದೆಯ ಮಾತಿನಲ್ಲೇ ಹುಡುಕಿ ಬರೆಯಿರಿ. ಉತ್ತರ ಸಿಗದಿದ್ದರೆ ಅದನ್ನೇ ಸಮಿತಿಯ ಮುಂದೆ ಕೇಳಿ.

ತಡೆ ತೆಗೆದ ಬಗ್ಗೆ ನನಗೂ ಸಂಕಟವಿದೆ. 1998ರ ಜನವರಿ 31ರಿಂದ ಬಳಸಿದ ಇಂಧನವನ್ನು ತಾನು ಒಯ್ಯಲು ಆರಂಭಿಸುತ್ತೇನೆಂದು ಕೇಂದ್ರ ಸರ್ಕಾರ ಕಾನೂನಿನಲ್ಲೇ ಬರೆದುಕೊಟ್ಟಿತ್ತು. ಝಯಾನ್ ಸ್ಥಾವರ ಅದೇ ವರ್ಷ ಮುಚ್ಚಿತು, ಕಟ್ಟಡವನ್ನೂ ಕೆಡವಿದರು, ಇಂಧನದ ಪೀಪಾಯಿಗಳು ಮಾತ್ರ ಮಿಶಿಗನ್ ಸರೋವರದ ದಂಡೆಯಲ್ಲಿ ಇವತ್ತಿಗೂ ನಿಂತಿವೆ. ಶರತ್ತು ಈಡೇರಲಿಲ್ಲ, ಶರತ್ತನ್ನೇ ತೆಗೆದರು.

ಎರಡನೆಯ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. ಕಳೆದ ಅಕ್ಟೋಬರ್‌ನಲ್ಲಿ ನಾನು ಚೀಟಿ ತುಂಬಿದೆ. ಬ್ಯಾಟರಿಗಾಗಿ ದುಡಿದ ಗೆಳೆಯರ ಮುಖ ನೆನಪಾಗಿ ‘ನಿಲುವಿಲ್ಲ’ ಎಂದು ಒತ್ತಿ, ಜೊತೆಗೆ 8-406ರ ಬಗ್ಗೆ ಎರಡು ಪುಟ ಬರೆದು ಕಳುಹಿಸಿದೆ. ಮರುದಿನ ಎಲ್ಲರೂ ಎಣಿಸಿದ್ದು ಪರ ಎಷ್ಟು, ವಿರೋಧ ಎಷ್ಟು ಎಂದು. ನನ್ನ ಎರಡು ಪುಟ ಯಾವ ಎಣಿಕೆಗೂ ಬರಲಿಲ್ಲ. ಈಗಾದರೆ ‘ವಿರೋಧ’ ಎಂದೇ ಒತ್ತುತ್ತೇನೆ. ಲಿಖಿತ ಹೇಳಿಕೆಯ ಮೊದಲ ವಾಕ್ಯದಲ್ಲಿ ಬ್ಯಾಟರಿಯ ಭಾಗ ನನಗೆ ಬೇಕು ಎಂದೂ, ಎರಡನೆಯದರಲ್ಲಿ ಈ ಒಂದು ಕಲಮನ್ನು ಬಿಡಿ ಎಂದೂ ಬರೆಯುತ್ತೇನೆ. ಗೆಳೆಯರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳುತ್ತೇನೆ. ಹಾಳೆಯಲ್ಲಿ ಮಸೂದೆಗೆ ಒಂದು ನಿಲುವು ಬೇಡ, ಕಲಮಿಗೊಂದು ನಿಲುವು ಬರೆಯಿರಿ.

---

ಪ್ರೇರೀದ್ವೀಪ ಉತ್ತರ:

ಮಿನೆಸೋಟದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ತಡೆ ಇನ್ನೂ ಇದೆ, 1994ರದ್ದು. ಒಂದೇ ವಾಕ್ಯ: ಹೊಸ ಅಣುವಿದ್ಯುತ್ ಸ್ಥಾವರಕ್ಕೆ ಆಯೋಗವು ಅಗತ್ಯಪತ್ರ (ಕಟ್ಟಲು ಬೇಕಾದ ಒಪ್ಪಿಗೆ) ಕೊಡುವಂತಿಲ್ಲ. ಪ್ರೇರೀ ಐಲ್ಯಾಂಡ್ ಸ್ಥಾವರದ ಅಂಗಳದಲ್ಲಿ ಒಣ ಪೀಪಾಯಿಗಳಲ್ಲಿ ತ್ಯಾಜ್ಯ ಇಡಲು ಒಪ್ಪಿಗೆ ಕೊಟ್ಟ ವರ್ಷವೇ ಬಂದ ತಡೆ ಅದು. ಆ ಪೀಪಾಯಿಗಳ ಪಕ್ಕದಲ್ಲೇ ಅಲ್ಲಿನ ಮೂಲನಿವಾಸಿ ಡಕೋಟಾ ಸಮುದಾಯದ ಮನೆಗಳಿವೆ. ವಿಚಾರಣೆಗಳಲ್ಲಿ ಅವರು ಮಾತಾಡುವುದನ್ನು ಕೇಳಿದ ಮೇಲೆ ನನಗೆ ಈ ಕೆಲಸ ಬಿಡಲು ಮನಸ್ಸಾಗಲಿಲ್ಲ.

ಕಲಮನ್ನು ಹಿಂಬಾಲಿಸಿ ಎಂಬ ಹಿರಿಯರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಒಂದು ಸೇರಿಸುತ್ತೇನೆ. ಇಲ್ಲಿ ತಡೆ ತೆಗೆಯುವ ಮಸೂದೆ ಅಧಿವೇಶನದಿಂದ ಅಧಿವೇಶನಕ್ಕೆ ಬರುತ್ತಲೇ ಇರುತ್ತದೆ; ಅದರ ಜೊತೆಗೆ ‘ಅಧ್ಯಯನ’ದ ಮಸೂದೆಯೂ ಬರುತ್ತದೆ. ಅಧ್ಯಯನಕ್ಕೆ ಯಾರು ಬೇಡ ಎನ್ನುತ್ತಾರೆ? ಆದರೆ ಅಧ್ಯಯನ ಮಾಡುವವರು ಯಾರು, ತ್ಯಾಜ್ಯದ ಖರ್ಚನ್ನು ಲೆಕ್ಕಕ್ಕೆ ಸೇರಿಸಬೇಕೆಂದು ಮಸೂದೆ ಹೇಳುತ್ತದೆಯೇ, ಸಮುದಾಯದ ಪ್ರತಿನಿಧಿ ಇದ್ದಾರೆಯೇ ಎಂದು ನೋಡಬೇಕು. ಅಂಥ ಮಸೂದೆಗೆ ನಾನು ವಿರೋಧ ಎಂದು ಬರೆಯುವುದಿಲ್ಲ. ‘ತಿದ್ದಿದರೆ ಒಪ್ಪಿಗೆ’ ಎಂದು ಬರೆದು ತಿದ್ದುಪಡಿಯ ವಾಕ್ಯವನ್ನೇ ಶಾಸಕರ ಕಚೇರಿಗೆ ಕಳುಹಿಸುತ್ತೇನೆ.

ಎರಡನೆಯ ಪ್ರಶ್ನೆಗೆ ಹಿರಿಯರಿಗಿಂತ ನನ್ನ ಅಭಿಪ್ರಾಯ ಬೇರೆ. ಸೌರಶಕ್ತಿಯ ಗೆಳೆಯರು ಐದು ವರ್ಷ ಕಷ್ಟಪಟ್ಟು ತಂದ ಮಸೂದೆಗೆ ಒಂದು ಕಲಮಿಗಾಗಿ ವಿರೋಧ ದಾಖಲಿಸಿದರೆ ಮುಂದಿನ ಸಲ ಆ ಗೆಳೆಯರು ನಿಮಗೆ ಕರಡನ್ನು ಮುಂಚಿತವಾಗಿ ತೋರಿಸುವುದಿಲ್ಲ. ಕರಡನ್ನು ಮೊದಲು ನೋಡುವುದಕ್ಕಿಂತ ದೊಡ್ಡ ಎಚ್ಚರಿಕೆ ವ್ಯವಸ್ಥೆ ಯಾವುದೂ ಇಲ್ಲ. ಇಲ್ಲಿ ಮಾಂಟಿಸೆಲೊ ಸ್ಥಾವರದಿಂದ 2022ರ ನವೆಂಬರ್‌ನಲ್ಲಿ ಸುಮಾರು 4 ಲಕ್ಷ ಗ್ಯಾಲನ್ ಟ್ರಿಟಿಯಂ ನೀರು ಸೋರಿತು. ರಾಜ್ಯದ ಅಧಿಕಾರಿಗಳಿಗೆ ಆಗಲೇ ಗೊತ್ತಿತ್ತು, ಜನರಿಗೆ ತಿಳಿಸಿದ್ದು ಮರುವರ್ಷದ ಮಾರ್ಚ್‌ನಲ್ಲಿ. ಆಗ ನಮ್ಮ ಜೊತೆ ಧ್ವನಿ ಎತ್ತಿದವರಲ್ಲಿ ಸೌರಶಕ್ತಿಯವರೇ ಹೆಚ್ಚು. ಅವರನ್ನು ಕಳೆದುಕೊಳ್ಳಲು ನಾನು ಸಿದ್ಧಳಿಲ್ಲ.

---

ಕೊಲಂಬಿಯಾದ ಶೆಟ್ಟರು ಉತ್ತರ:

ದಕ್ಷಿಣ ಕೆರೊಲಿನಾದಿಂದ ನಮಸ್ಕಾರ. ‘ಮುಗಿಯದಿದ್ದರೆ ಯಾರು ತೆರಬೇಕು’ ಎಂಬ ಅಂಕಣದ ಮಾತು ಓದಿದಾಗ ಬರೆಯದೆ ಇರಲಾಗಲಿಲ್ಲ.

ನಮ್ಮ ರಾಜ್ಯದಲ್ಲಿ 2007ರಲ್ಲಿ ಒಂದು ಕಾನೂನು ಬಂತು. ಹೆಸರಿನಲ್ಲಿ ‘ನ್ಯೂಕ್ಲಿಯರ್’ ಎಂಬ ಪದವಿಲ್ಲ, ‘ಬೇಸ್ ಲೋಡ್ ಪರಿಶೀಲನಾ ಕಾಯ್ದೆ’ ಎಂದು. ಸ್ಥಾವರ ಒಂದು ಯೂನಿಟ್ ವಿದ್ಯುತ್ ಕೊಡುವ ಮೊದಲೇ ಕಟ್ಟಡದ ಸಾಲದ ಖರ್ಚನ್ನು ಗ್ರಾಹಕರಿಂದ ವಸೂಲು ಮಾಡಬಹುದು, ಯೋಜನೆ ಕೈಬಿಟ್ಟರೂ ವಿವೇಕದಿಂದ ಖರ್ಚು ಮಾಡಿದ್ದನ್ನು ವಸೂಲು ಮಾಡಬಹುದು. ಇದು ಅದರ ತಿರುಳು. ಅದರ ಬಲದಿಂದ ವಿ. ಸಿ. ಸಮ್ಮರ್ ಸ್ಥಾವರದಲ್ಲಿ ಎರಡು ರಿಯಾಕ್ಟರು ಕಟ್ಟಲು ಹೊರಟರು. ಒಂಬತ್ತು ಸಲ ದರ ಏರಿತು. ಸುಮಾರು 9 ಶತಕೋಟಿ ಡಾಲರ್ ಖರ್ಚಾದ ಮೇಲೆ 2017ರ ಜುಲೈ 31ರಂದು ಕೆಲಸ ನಿಲ್ಲಿಸಿದರು. ಅದನ್ನು ಕಟ್ಟಿಸುತ್ತಿದ್ದ ಖಾಸಗಿ ಕಂಪನಿಯ ಮುಖ್ಯಸ್ಥರು ಮುಂದೆ ಜೈಲಿಗೂ ಹೋದರು. ವಿದ್ಯುತ್ ಮಾತ್ರ ಬರಲಿಲ್ಲ. ನೆರೆಯ ಜಾರ್ಜಿಯಾದಲ್ಲಿ ಅಂಥದ್ದೇ ಕಾನೂನು 2009ರಲ್ಲಿ ಬಂತು. ಅಲ್ಲಿ ವೋಗಲ್ ಸ್ಥಾವರದ ಎರಡು ರಿಯಾಕ್ಟರುಗಳು 2023 ಮತ್ತು 2024ರಲ್ಲಿ ಚಾಲೂ ಆದವು, ಮೊದಲ ಅಂದಾಜಿನ ಎರಡು ಪಟ್ಟಿಗೂ ಮಿಕ್ಕಿ ಖರ್ಚಾಗಿ.

2007ರಲ್ಲಿ ನಾನು ಇಲ್ಲೇ ಇದ್ದೆ. ನನ್ನ ಕಿರಾಣಿ ಅಂಗಡಿಯ ಫ್ರೀಜರುಗಳಿಗೆ ಬರುವ ಬಿಲ್ಲನ್ನು ತಿಂಗಳು ತಿಂಗಳೂ ಕಟ್ಟುತ್ತಿದ್ದೆ. ಆ ಮಸೂದೆ ಬಂದದ್ದು ನನಗೆ ಗೊತ್ತಾಗಲಿಲ್ಲ, ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮಂಥವರೊಬ್ಬರು ಆಗ ನಮ್ಮಲ್ಲಿ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಒಂದು ಎರಡು ದಿನ ತಡವಾಯಿತೆಂದು ನೀವು ಇಷ್ಟು ನೊಂದುಕೊಳ್ಳಬೇಡಿ ಅಮ್ಮ. ಹೊಸ ಮಸೂದೆಗಳಲ್ಲಿ ‘ನಿರ್ಮಾಣದ ಅವಧಿಯಲ್ಲಿ ವೆಚ್ಚ ವಸೂಲಿ’, ‘ಯೋಜನಾಪೂರ್ವ ವೆಚ್ಚ’ ಎಂಬ ಮಾತುಗಳು ಕಂಡರೆ ಅಲ್ಲೇ ನಿಲ್ಲಿ. ಇಂಡಿಯಾನಾದಲ್ಲಿ ಕಳೆದ ವರ್ಷ ಚಿಕ್ಕ ರಿಯಾಕ್ಟರುಗಳಿಗಾಗಿ ಅಂಥ ವಸೂಲಿಗೆ ದಾರಿ ಮಾಡಿಕೊಟ್ಟಿದ್ದಾರೆ. ಅದು ನಿಮ್ಮ ಪಕ್ಕದ ರಾಜ್ಯ. ಮಸೂದೆಯ ಮಾತು ಗಡಿ ದಾಟುವುದು ಬಹಳ ಬೇಗ. ಲೆಜಿಸ್ಕ್ಯಾನ್ ಜಾಲತಾಣದಲ್ಲಿ 50 ರಾಜ್ಯಗಳ ಮಸೂದೆಗಳೂ ಸಿಗುತ್ತವೆ, ಪಕ್ಕದವರದ್ದನ್ನೂ ಆಗಾಗ ನೋಡುತ್ತಿರಿ.

---

ಅವೊಗಾಡ್ರೊ ಉತ್ತರ:

ನಾನು ವಿದ್ಯುತ್ ಇಂಜಿನಿಯರ್, ಅಣುವಿದ್ಯುತ್ತಿನ ಪರ ಇರುವವನು. ಹಾಗಿದ್ದೂ ಈ ಚರ್ಚೆಯಲ್ಲಿ ಒಂದು ಮಾತು ಹೇಳಬೇಕು ಅನಿಸಿತು. ಇಲಿನಾಯ್‌ನ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಈ 11 ರಿಯಾಕ್ಟರುಗಳಿಂದ ಬರುತ್ತದೆ, ಇಂಗಾಲ ಸುಡದೆ. ನ್ಯೂಯಾರ್ಕ್ 2021ರಲ್ಲಿ ಇಂಡಿಯನ್ ಪಾಯಿಂಟ್ ಅಣುಸ್ಥಾವರ ಮುಚ್ಚಿದಾಗ ಆ ಜಾಗವನ್ನು ಹೆಚ್ಚಾಗಿ ತುಂಬಿದ್ದು ನೈಸರ್ಗಿಕ ಅನಿಲ. ನಿಮ್ಮ ವಿರೋಧದಿಂದ ಹೊಗೆ ಹೆಚ್ಚಾದರೆ ಅದರ ಲೆಕ್ಕವೂ ನಿಮ್ಮ ಹಾಳೆಯಲ್ಲಿ ಇರಬೇಕಲ್ಲವೇ? ಕಾಳಿ ನದಿಯವರ ದುಃಖವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ ತನಕ 962 ದಿನ ಒಂದೇ ಸಮನೆ ನಡೆದು ವಿಶ್ವದಾಖಲೆ ಮಾಡಿತು ಎಂಬುದೂ ಅದೇ ನದಿಯ ಕಥೆ.

ವಿಟ್ನೆಸ್ ಸ್ಲಿಪ್ ನಾನೂ ತುಂಬುತ್ತೇನೆ, ‘ಪರ’ ಎಂದು. ಒಂದು ಗಂಟೆಯ ಮುನ್ಸೂಚನೆಯಿಂದ ನನಗೂ ಅನ್ಯಾಯವಾಗಿದೆ. ಕೊನೆಯ ಗಳಿಗೆಯ ತಿದ್ದುಪಡಿಯ ವಿರುದ್ಧ ನೀವು ಏನಾದರೂ ಬರೆದರೆ ನನ್ನ ಸಹಿಯೂ ಇರಲಿ.

---

ಹಳೆಯ ಟಿಪ್ಪಣಿ ಉತ್ತರ:

ಇಂಜಿನಿಯರರೇ, ಸಹಿಗೆ ಧನ್ಯವಾದ. ತೆಗೆದುಕೊಳ್ಳುತ್ತೇನೆ.

ತಂಗಿ, ಒಂದು ಹೇಳಲು ಮರೆತಿದ್ದೆ. ಸಹಿಯಾದ ಮೇಲೆ ಹಾಳೆಯನ್ನು ಮುಚ್ಚಬೇಡಿ. 2023ರ ಕಾನೂನು ಚಿಕ್ಕ ರಿಯಾಕ್ಟರುಗಳಿಗೆ ನಿಯಮ ಬರೆಯುವ ಕೆಲಸವನ್ನು ರಾಜ್ಯದ ತುರ್ತುನಿರ್ವಹಣಾ ಇಲಾಖೆಗೆ ಕೊಟ್ಟಿದೆ: ಸ್ಥಾವರ ಕಳಚುವುದು, ಪರಿಸರದ ಮೇಲೆ ನಿಗಾ, ತುರ್ತುಸಿದ್ಧತೆ. ಇಂಥ ನಿಯಮಗಳ ಕರಡು ವಾರಕ್ಕೊಮ್ಮೆ ಹೊರಬರುವ ‘ಇಲಿನಾಯ್ ರಿಜಿಸ್ಟರ್’ನಲ್ಲಿ ಪ್ರಕಟವಾಗುತ್ತದೆ. ಪ್ರಕಟವಾದ ದಿನದಿಂದ ಕನಿಷ್ಠ 45 ದಿನ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ನಂತರ ಎರಡೂ ಸದನಗಳ 12 ಶಾಸಕರ ಜಂಟಿ ಸಮಿತಿ ನೋಡುತ್ತದೆ. ಅಲ್ಲಿ ಜನಸಂದಣಿ ಇರುವುದಿಲ್ಲ, ಪತ್ರಕರ್ತರೂ ಬರುವುದು ಕಡಿಮೆ. ಒಂದು ಒಳ್ಳೆಯ ಪತ್ರಕ್ಕೆ ಅಲ್ಲಿ ಇರುವ ತೂಕ ಅಕ್ಟೋಬರ್‌ನ ಗದ್ದಲದಲ್ಲಿ ನೂರು ಚೀಟಿಗಳಿಗೂ ಇರುವುದಿಲ್ಲ. ಕಳಚುವ ಖರ್ಚಿಗೆ ಮುಂಗಡ ಠೇವಣಿ ಎಷ್ಟು ಎಂಬ ಒಂದೇ ವಿಷಯ ಹಿಡಿದು ಬರೆಯಿರಿ. ಕರಡು ಬೇಕಾದರೆ ಕಳುಹಿಸಿ, ನೋಡಿಕೊಡುತ್ತೇನೆ.

---

ಕಾಳಿತೀರ ಉತ್ತರ:

ಎಲ್ಲರಿಗೂ ಕೃತಜ್ಞತೆ. ಶನಿವಾರ ಪೂರ್ತಿ ಕುಳಿತು ಹಾಳೆಯನ್ನು ಹೊಸದಾಗಿ ಮಾಡಿದೆ. ಈಗ ಮೊದಲ ಅಂಕಣ ಕಲಮಿನ ಸಂಖ್ಯೆ. 8-406 ಎಂಬುದನ್ನು ಎಲ್ಲಕ್ಕಿಂತ ಮೇಲೆ ಕೆಂಪಿನಲ್ಲಿ ಬರೆದಿದ್ದೇನೆ. ತಡೆ ಹೋದರೂ ಕಲಮು ಅಲ್ಲೇ ಇದೆ, ಮತ್ತೆ ಯಾರಾದರೂ ಅದನ್ನು ಮುಟ್ಟಿದರೆ ತಿಳಿಯಬೇಕು. ‘ಮುಗಿಯದಿದ್ದರೆ ಯಾರು ತೆರಬೇಕು’ ಎಂಬ ಅಂಕಣವೂ ಬಂದಿದೆ. ಹಿಂದಿನ ಎರಡು ವರ್ಷಗಳ ಮಸೂದೆಗಳಿಗೆ ಅದನ್ನು ತುಂಬಲು ಹೋದೆ. ಬಹಳಷ್ಟು ಕಡೆ ಖಾಲಿ ಉಳಿಯಿತು. ಆ ಖಾಲಿ ಮನೆಗಳನ್ನು ನೋಡಿದ ನಮ್ಮ ರೈತ ಮಿತ್ರರು, ಈ ಸಲ ಸಮಿತಿಯ ಮುಂದೆ ತಾವೇ ಮಾತಾಡುತ್ತೇವೆ ಎಂದರು. ಇಷ್ಟು ದಿನ ಅವರು ಕೋಣೆಯ ಹಿಂದಿನ ಕುರ್ಚಿಯಿಂದ ಎದ್ದವರಲ್ಲ.

ನಿಲುವಿನ ವಿಷಯದಲ್ಲಿ ಹಿರಿಯರ ಮಾತೂ ಮಿನೆಸೋಟದ ಅಕ್ಕನ ಮಾತೂ ಎರಡೂ ನನ್ನನ್ನು ಹಿಡಿದವು. ಗುಂಪಿನಲ್ಲಿ ಒಂದು ಗಂಟೆ ಚರ್ಚೆಯಾಯಿತು. ಕೊನೆಗೆ ತೀರ್ಮಾನಿಸಿದ್ದು ಇಷ್ಟು. ಮಿಶ್ರ ಮಸೂದೆ ಬಂದಾಗ ಮೊದಲು ಸೌರಶಕ್ತಿಯವರಿಗೆ ಫೋನ್ ಮಾಡಿ ಆ ಕಲಮನ್ನು ಬೇರೆ ಮಾಡಲು ಕೇಳುತ್ತೇವೆ. ಅವರು ಆಗುವುದಿಲ್ಲ ಎಂದರೆ, ನಾವು ವಿರೋಧ ಎಂದು ಬರೆಯುತ್ತೇವೆ, ಮುಂಚಿತವಾಗಿ ಅವರಿಗೆ ತಿಳಿಸಿ. ಅಕ್ಕ, ಇದರಿಂದ ಕರಡು ನೋಡುವ ಅವಕಾಶ ಹೋದರೆ ನಿಮ್ಮ ಮಾತನ್ನು ನೆನೆಯುತ್ತೇನೆ. ಆದರೆ ಜನವರಿಯ ಆ ರಾತ್ರಿಯನ್ನು ಮತ್ತೆ ಅನುಭವಿಸಲು ನನ್ನಿಂದ ಆಗುವುದಿಲ್ಲ.

ಇಂಜಿನಿಯರ್ ಅವರೇ, ನಡೆಯುತ್ತಿರುವ ಸ್ಥಾವರಗಳನ್ನು ನಾಳೆಯೇ ಮುಚ್ಚಿ ಎಂದು ನಮ್ಮ ಗುಂಪು ಕೇಳುತ್ತಿಲ್ಲ. ತ್ಯಾಜ್ಯಕ್ಕೆ ಜಾಗ ಕಾಣದೆ ಹೊಸದನ್ನು ಕಟ್ಟಬೇಡಿ ಎಂಬುದೇ ನಮ್ಮ ಮಾತು. ಹೊಗೆಯ ಅಂಕಣ ಇರಬೇಕೆಂದು ನೀವು ಹೇಳಿದ್ದು ನ್ಯಾಯ, ಸೇರಿಸಿದ್ದೇನೆ. 962 ದಿನದ ದಾಖಲೆ ನನಗೂ ಗೊತ್ತು. ಊರಿನವರು ಅದರ ಬಗ್ಗೆ ಹೆಮ್ಮೆಯಿಂದಲೇ ಮಾತಾಡುತ್ತಾರೆ, ನನ್ನ ಅತ್ತೆಯ ಮಗನೇ ಅಲ್ಲಿ ಕೆಲಸ ಮಾಡುತ್ತಾನೆ. ಅಪ್ಪನ ಪ್ರಶ್ನೆ ಅದಾಗಿರಲಿಲ್ಲ.

ಶೆಟ್ಟರೇ, ನಿಮ್ಮ ಅಂಗಡಿಯ ಫ್ರೀಜರಿನ ಬಿಲ್ಲಿನ ಮಾತನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಡುತ್ತೀರಾ? ನಿಮ್ಮ ಹೆಸರು ಬೇಡವೆಂದರೆ ಹಾಕುವುದಿಲ್ಲ. ವಸೂಲಿಯ ಮಾತಿರುವ ಮಸೂದೆ ಬಂದ ದಿನ ಸಮಿತಿಗೆ ಕೊಡಲು ಅದಕ್ಕಿಂತ ಒಳ್ಳೆಯ ಕಾಗದ ನಮ್ಮಲ್ಲಿಲ್ಲ. ಠೇವಣಿಯ ಬಗೆಗಿನ ಪತ್ರದ ಕರಡನ್ನು ಹಿರಿಯರಿಗೆ ಇವತ್ತು ರಾತ್ರಿ ಕಳುಹಿಸುತ್ತೇನೆ.